ದಿನಕ್ಕೆ ಆರು ತಪ್ಪು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಶಾಲೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಈಗಷ್ಟೇ ಒರೆಸಿದ ನೆಲ ಇನ್ನೂ ಒದ್ದೆ. ನೀಲಿ ಸಮವಸ್ತ್ರದ ಹೆಂಗಸೊಬ್ಬರು ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, ಕೈ ಒರೆಸಿಕೊಂಡು, ಮೂರನೇ ಮೇಜಿನ ಮೇಲಿರುವ ಪುಟ್ಟ ಗಾಡಿಯನ್ನು ಎತ್ತಿಕೊಳ್ಳುತ್ತಾರೆ. ಅದು ಮಕ್ಕಳು ಮಾಡಿದ ರೋಬೋಟ್ ಗಾಡಿ. ಅದರ ಹೊಟ್ಟೆಯಲ್ಲಿರುವ ಹಳದಿ ತಂತಿಯನ್ನು ಕಿತ್ತು, ಪಕ್ಕದ ತೂತಿಗೆ ಚುಚ್ಚಿ, ಮೊದಲು ಹೇಗಿತ್ತೋ ಹಾಗೇ ಇಡುತ್ತಾರೆ. ಒಮ್ಮೆ ಸುತ್ತ ನೋಡಿ, ನಾಲ್ಕನೇ ಮೇಜಿಗೆ ಹೋಗುತ್ತಾರೆ.

ಇದನ್ನೆಲ್ಲ ನಾನು ನೋಡುತ್ತಿರುವುದು ಕಾರಿಡಾರಿನ ಕಿಟಕಿಯಿಂದ. ಏಳು ಗಂಟೆಗೆ ಬರುತ್ತೇನೆ ಅಂತ ಹೇಳಿ ಬೇಕೆಂದೇ ಆರಕ್ಕೆ ಬಂದಿದ್ದೇನೆ. ಸಿಕ್ಕಿಬಿದ್ದಳು ಮಾರಾಯ್ತಿ, ಅಂದುಕೊಳ್ಳುತ್ತೇನೆ.

ನನ್ನ ಬುದ್ಧಿಯೇ ಹೀಗೆ ಅನ್ನಬೇಡಿ, ಕಾರಣವಿದೆ. ಇಪ್ಪತ್ತೆರಡು ವರ್ಷದಿಂದ ಈ ಪುರವಣಿಗೆ ಎಲೆಮರೆಯ ಕಾಯಿಗಳನ್ನು ಹುಡುಕಿ ಹುಡುಕಿ ಬರೆದವನು ನಾನು. ಹತ್ತರಲ್ಲಿ ಆರು ಕಾಯಿ ತಾವೇ ಎಲೆ ಸರಿಸಿ ಪತ್ರಿಕೆಗೆ ಫೋನ್ ಮಾಡುತ್ತವೆ ಅನ್ನುವುದು ನನ್ನ ಅನುಭವ. ಬೆಳ್ಳಗಿರುವುದೆಲ್ಲ ಹಾಲಲ್ಲ. ಈ ಸಲವಂತೂ ನನ್ನ ಮೇಜಿನ ಮೇಲೆ ಒಂದೇ ವಾರದಲ್ಲಿ ಎರಡು ಪತ್ರ ಬಂದಿವೆ. ಒಂದನ್ನು ಒಬ್ಬ ತಾಯಿ ಸಹಿ ಹಾಕಿ ಬರೆದಿದ್ದಾರೆ. ‘ನಮ್ಮ ಶಾಲೆಯ ಆಯಾ ಮಕ್ಕಳಿಗೆ ಕೋಡಿಂಗ್, ರೋಬೋಟ್ ಮಾಡುವುದು ಹೇಳಿಕೊಡುತ್ತಾರೆ, ದಯವಿಟ್ಟು ಬಂದು ನೋಡಿ’ ಎಂಬ ಪತ್ರ ಅದು. ಇನ್ನೊಂದು ಮೂಗರ್ಜಿ. ‘ರೋಬೋಟ್ ಸ್ಪರ್ಧೆಯಲ್ಲಿ ಗೆದ್ದ ಗಾಡಿ ಮಕ್ಕಳದ್ದಲ್ಲ. ಕಸ ಗುಡಿಸುವವಳು ಮಾಡಿಕೊಟ್ಟದ್ದು. ಮುಂಜಾನೆ ಬಂದು ನೋಡಿದರೆ ನಿಮಗೇ ಗೊತ್ತಾಗುತ್ತದೆ.’

ಬಂದೆ. ನೋಡಿದೆ. ಮುಂಜಾನೆ ಯಂತ್ರಗಳಿಗೆ ಕೈ ಹಾಕುವುದಂತೂ ಅಂಗೈ ನೆಲ್ಲಿಯಷ್ಟು ಸ್ಪಷ್ಟ.

ಬಾಗಿಲು ತಟ್ಟಿದಾಗ ಅವರು ಬೆಚ್ಚುವುದಿಲ್ಲ. “ಬನ್ನಿ ಸರ್. ನೆಲ ಒದ್ದೆ ಇದೆ, ಗೋಡೆ ಪಕ್ಕ ಬನ್ನಿ,” ಅನ್ನುತ್ತಾರೆ. ಏನು ಮಾಡುತ್ತಿದ್ದೀರಿ ಅಂತ ನೇರವಾಗಿಯೇ ಕೇಳುತ್ತೇನೆ.

“ಕೆಡಿಸ್ತಾ ಇದೀನಿ.”

“ಏನು?”

“ಗಾಡಿಗಳನ್ನ. ಆರು ಮೇಜು, ಆರು ಗಾಡಿ. ದಿನಾ ಒಂದೊಂದಕ್ಕೆ ಒಂದೊಂದು ತಪ್ಪು. ಇನ್ನೂ ಎರಡು ಬಾಕಿ ಇವೆ, ಮುಗಿಸಿಬಿಡ್ತೀನಿ, ಕೂತ್ಕೊಳ್ಳಿ.”

ಕಳ್ಳತನವನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. ನನ್ನ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಮಕ್ಕಳು ಅವರನ್ನು ಕರೆಯುವುದು ‘ತಂತಿ ಅಕ್ಕ’ ಅಂತ. ಶಾಲೆಯ ದಾಖಲೆಯಲ್ಲಿ ಅವರ ಹುದ್ದೆ ಶುಚಿತ್ವ ಸಹಾಯಕಿ. ವಯಸ್ಸು ನಲವತ್ಮೂರು, ಓದಿದ್ದು ಹತ್ತನೇ ತರಗತಿ. ಐದೂವರೆಗೆ ಬಂದು ಹನ್ನೊಂದು ಕೋಣೆ, ಎರಡು ಮೆಟ್ಟಿಲುಸಾಲು, ಒಂದು ಲ್ಯಾಬ್ ಗುಡಿಸಿ ಒರೆಸುತ್ತಾರೆ. ಏಳೂಕಾಲಿನಿಂದ ಎಂಟೂಮುಕ್ಕಾಲಿನವರೆಗೆ, ಶಾಲೆಯ ಗಂಟೆ ಹೊಡೆಯುವ ಮೊದಲು, ಈ ಲ್ಯಾಬಿನಲ್ಲಿ ಇಪ್ಪತ್ನಾಲ್ಕು ಮಕ್ಕಳ ಜೊತೆ ಇರುತ್ತಾರೆ. ಆಮೇಲೆ ಮತ್ತೆ ಪೊರಕೆ. ನಾಲ್ಕು ವರ್ಷದಿಂದ ಇದೇ ದಿನಚರಿ. ದಿನಕ್ಕೆ ಆರರಂತೆ ಇಲ್ಲಿಯವರೆಗೆ ಅವರು ಹಾಕಿರುವ ತಪ್ಪುಗಳು ಮೂರೂವರೆ ಸಾವಿರಕ್ಕೂ ಹೆಚ್ಚು. ಪ್ರತಿಯೊಂದೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕಿನ ಸಮೇತ ಇದೆ. ಇಲ್ಲದಿದ್ದರೆ ಯಾವ ತಪ್ಪು ಎಲ್ಲಿ ಹಾಕಿದೆ ಅನ್ನುವುದು ಅವರಿಗೇ ಮರೆತುಹೋಗುತ್ತದಂತೆ.

ತಪ್ಪು ಹಾಕುವುದಕ್ಕೂ ಕಟ್ಟುನಿಟ್ಟಿದೆ. ಯಂತ್ರಕ್ಕೆ ಪೆಟ್ಟಾಗಬಾರದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಒಂದು ಗಾಡಿಗೆ ಒಂದೇ ತಪ್ಪು. ಒಂದು ದಿನ ತಂತಿ ಅದಲುಬದಲು, ಇನ್ನೊಂದು ದಿನ ಚಕ್ರದ ಸ್ಕ್ರೂ ಅರ್ಧ ಸುತ್ತು ಸಡಿಲ, ಮತ್ತೊಂದು ದಿನ ನೆಲದ ಕಪ್ಪು ಗೆರೆ ನೋಡುವ ಸೆನ್ಸರಿನ ಕಣ್ಣಿನ ಮೇಲೆ ಯಾರಿಗೂ ಕಾಣದ ಹಾಗೆ ಪಾರದರ್ಶಕ ಟೇಪು. ವಾರಕ್ಕೆರಡು ದಿನ ತಪ್ಪು ಕೋಡಿನೊಳಗೆ ಇರುತ್ತದೆ. “ಒಂದ್ಸಲ ‘ಕಪ್ಪು ಕಂಡರೆ ಮುಂದೆ ಹೋಗು’ ಅನ್ನೋದನ್ನ ‘ಕಪ್ಪು ಕಂಡರೆ ನಿಲ್ಲು’ ಅಂತ ಮಾಡಿಟ್ಟೆ. ಗಾಡಿ ಅಲುಗಾಡ್ಲೇ ಇಲ್ಲ. ಪಾಪ, ಎರಡು ದಿನ ಬ್ಯಾಟರಿ ಬದಲಾಯಿಸ್ತಾನೇ ಇದ್ರು,” ಅಂತ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಈ ಬುದ್ಧಿ ಎಲ್ಲಿಂದ ಬಂತು? ಕಾರ್ಖಾನೆಯಿಂದ. ಮದುವೆಗೆ ಮೊದಲೂ ಆಮೇಲೂ ಸೇರಿ ಹದಿಮೂರು ವರ್ಷ ಅವರು ವಿದ್ಯುತ್ ಮೀಟರುಗಳ ಸರ್ಕ್ಯೂಟ್ ಬೋರ್ಡ್ ಮಾಡುವ ಕಾರ್ಖಾನೆಯಲ್ಲಿದ್ದರು. ಭೂತಗನ್ನಡಿಯ ಕೆಳಗೆ ಬೋರ್ಡು ಹಿಡಿದು, ಬೆಸುಗೆ ಸರಿಯಿದೆಯೇ ಅಂತ ನೋಡುವುದು ಕೆಲಸ. ದಿನಕ್ಕೆ ಆರುನೂರು ಬೋರ್ಡು. ನೋಡಿ ನೋಡಿ ಕಣ್ಣು ಮಂಕಾಗಿ ಎಲ್ಲವೂ ಸರಿಯೆಂದೇ ಕಾಣತೊಡಗುವ ಹೊತ್ತಿಗೆ, ಮೇಲ್ವಿಚಾರಕರು ಯಾರಿಗೂ ತಿಳಿಯದ ಹಾಗೆ ಟ್ರೇಯೊಳಗೆ ಒಂದು ಕೆಟ್ಟ ಬೋರ್ಡು ಸೇರಿಸಿಬಿಡುತ್ತಿದ್ದರು. ಹುಡುಗಿಯರು ಅದನ್ನು ‘ಕಳ್ಳ ಬೋರ್ಡು’ ಅನ್ನುತ್ತಿದ್ದರು. ಅದನ್ನು ಹಿಡಿಯದೆ ಬಿಟ್ಟವರ ಹೆಸರಿನ ಮುಂದೆ ಕೆಂಪು ಚುಕ್ಕಿ ಬೀಳುತ್ತಿತ್ತು.

“ಕಳ್ಳ ಬೋರ್ಡು ಇದೆ ಅಂತ ಗೊತ್ತಿದ್ರೆ ಪ್ರತಿ ಬೋರ್ಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀವಿ ಸರ್. ಇಲ್ಲ ಅಂತ ಗೊತ್ತಾದ್ರೆ ಸುಮ್ನೆ ಕೈ ಆಡಿಸ್ತೀವಿ, ನಿದ್ದೆ ಬರತ್ತೆ. ಅನುಮಾನ ಇದ್ರೇನೇ ಕಣ್ಣು ತೆರೆದಿರೋದು.”

ಕೊನೆಗೆ ಆ ಕೆಲಸಕ್ಕೆ ಕ್ಯಾಮೆರಾ ಬಂತು, ಇವರು ಮನೆಗೆ ಬಂದರು. ಶಾಲೆಯಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಅದೇ ವರ್ಷ ಆಡಳಿತ ಮಂಡಳಿಯವರು ರೋಬೋಟಿಕ್ಸ್ ಲ್ಯಾಬನ್ನೂ ಮಾಡಿಸಿದರು. ಕಲಿಸಲು ಒಂದು ಕಂಪನಿಯಿಂದ ಶನಿವಾರ ಮಾತ್ರ ಒಬ್ಬ ಸರ್ ಬರುತ್ತಾರೆ. ಪರದೆಯ ಮೇಲೆ ಚಿತ್ರ ತೋರಿಸಿ, ಗಾಡಿ ಓಡದಿದ್ದರೆ ತಾವೇ ಎರಡು ಬೆರಳಲ್ಲಿ ಸರಿಮಾಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. “ನಾನು ಒರೆಸ್ತಾ ನೋಡ್ತಿದ್ದೆ. ಮಕ್ಕಳ ಕೈ ತೊಡೆ ಮೇಲೇ ಇರ್ತಿತ್ತು. ಯಂತ್ರದ ಕ್ಲಾಸಲ್ಲಿ ಕೈಗೆ ಕೆಲಸಾನೇ ಇಲ್ವಲ್ಲ ಅನ್ನಿಸ್ತು.” ಹೆಡ್‌ಮೇಡಂ ಬಳಿ ಹೋಗಿ ಬೆಳಗಿನ ಹೊತ್ತು ಕೋಣೆ ತೆರೆದಿಡಲು ಒಪ್ಪಿಗೆ ಕೇಳಿದರು. ‘ನೋಡಿಕೊಳ್ಳಿ, ಏನೂ ಮುರಿಯಬಾರದು’ ಅಂತ ಒಪ್ಪಿಗೆ ಸಿಕ್ಕಿತು.

ಕೋಡಿಂಗ್ ಬರುತ್ತಿತ್ತೇ? ಇಲ್ಲ. ಮೊದಲ ವರ್ಷದ ನಾಲ್ಕು ಹುಡುಗಿಯರೇ ಇವರಿಗೆ ಕಲಿಸಿದರಂತೆ. ಎರಡನೇ ವರ್ಷದವರಿಗೆ ಇವರು ಕಲಿಸಿದರು. ಕೇಳಲು ಚೆನ್ನಾಗಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾನಲ್ಲವಾದ್ದರಿಂದ, ಅಲ್ಲೇ ಇದ್ದ ಕಂಪ್ಯೂಟರಿನಲ್ಲಿ ಒಂದು ಕೋಡ್ ತೆಗೆದು, ಈ ಸಾಲು ಏನು ಮಾಡುತ್ತದೆ ಅಂತ ಕೇಳುತ್ತೇನೆ. ಹೇಳುತ್ತಾರೆ. ಅದು ಸರಿಯೋ ತಪ್ಪೋ ತೀರ್ಮಾನಿಸಲು ನನಗೆ ಕೋಡಿಂಗ್ ಬರುವುದಿಲ್ಲ ಅನ್ನುವುದು ಆಗ ನೆನಪಾಗುತ್ತದೆ. ಗಂಭೀರವಾಗಿ ತಲೆಯಾಡಿಸುತ್ತೇನೆ.

ಏಳೂಕಾಲಿಗೆ ಮಕ್ಕಳು ಬರುತ್ತಾರೆ. ಯಾರೂ ಸ್ವಿಚ್ ಒತ್ತುವುದಿಲ್ಲ. ಮೊದಲ ಐದು ನಿಮಿಷ ಎಲ್ಲರ ಕೈಯೂ ಬೆನ್ನ ಹಿಂದೆ. ಬರೀ ನೋಟ, ಇವತ್ತಿನ ತಪ್ಪು ಎಲ್ಲಿದೆ ಅಂತ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆಯಬೇಕು. ಗೋಡೆಯ ಮೇಲೆ ಮಕ್ಕಳ ದೊಡ್ಡ ಅಕ್ಷರದಲ್ಲಿ ಒಂದೇ ಗಾದೆ ಇದೆ: ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’

ಮೂರನೇ ಮೇಜಿನ ನಾಯಕಿಗೆ ‘ಪತ್ತೇದಾರಿ’ ಅಂತ ಅಡ್ಡಹೆಸರು. ಎಂಟನೇ ತರಗತಿ, ದಪ್ಪ ಕನ್ನಡಕ, ಮಾತಿಗೆ ಮುಂಚೆ ಹುಬ್ಬು ಏರುತ್ತದೆ. ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಗೆದ್ದದ್ದು ಇವಳ ಮೇಜಿನ ನಾಲ್ವರು. ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಹೋಗಿ, ಗ್ರಂಥಾಲಯದ ಪುಸ್ತಕವನ್ನು ಅದರದರ ಕಪಾಟಿನ ಮುಂದೆ ಇಳಿಸಿ ಬರುವ ಗಾಡಿ ಅವರದ್ದು. ಅವಳನ್ನು ಪಕ್ಕಕ್ಕೆ ಕರೆದು, ರೆಕಾರ್ಡರ್ ಮುಂದಿಟ್ಟು, ನಯವಾಗಿ ಕೇಳುತ್ತೇನೆ. ಗಾಡಿ ನಿಜವಾಗಿ ಮಾಡಿದ್ದು ಯಾರಮ್ಮ? ಅಕ್ಕ ಸ್ವಲ್ಪ ಸಹಾಯ ಮಾಡಿದರಾ?

ಅವಳು ಉತ್ತರ ಕೊಡದೆ ನನ್ನ ರೆಕಾರ್ಡರನ್ನೇ ನೋಡುತ್ತಾಳೆ. “ಅಂಕಲ್, ಇದು ರೆಕಾರ್ಡ್ ಆಗ್ತಾ ಇದೆ ಅಂತ ನೋಡ್ಕೊಂಡ್ರಾ?”

“ಆಗ್ತಿದೆಯಲ್ಲ, ಕೆಂಪು ದೀಪ ಇದೆ.”

“ಕೆಂಪು ದೀಪ ಆನ್ ಆಗಿದೆ ಅಂತ ಹೇಳತ್ತೆ. ರೆಕಾರ್ಡ್ ಆಗ್ತಿದೆ ಅಂತ ಹೇಳಲ್ಲ. ನಂಬರ್ ಓಡ್ತಾ ಇಲ್ಲ ನೋಡಿ.”

ನಂಬರ್ ಓಡುತ್ತಿರಲಿಲ್ಲ. ಬೆಳಗ್ಗೆಯಿಂದ ಅಕ್ಕ ಆಡಿದ ಒಂದು ಮಾತೂ ಅದರಲ್ಲಿ ದಾಖಲಾಗಿಲ್ಲ. ಮೇಲೆ ಬರೆದ ಮಾತುಗಳನ್ನು ಅವರನ್ನು ಮತ್ತೆ ಕೂರಿಸಿ ಕೇಳಿ, ಕೈಯಲ್ಲಿ ಬರೆದುಕೊಂಡದ್ದು ಅಂತ ನಾಚಿಕೆಯಿಂದ ತಿಳಿಸುತ್ತೇನೆ.

ಆ ವಾರವೆಲ್ಲ ನಾನು ಬೆನ್ನು ಬಿಡದೆ ಓಡಾಡುತ್ತೇನೆ. ಶನಿವಾರದ ಸರ್ ಸಿಗುತ್ತಾರೆ. “ಕೆಟ್ಟ ಯಂತ್ರದಿಂದ ಪಾಠ ಶುರು ಮಾಡೋದು ನಮ್ಮ ಸಿಲಬಸ್‌ನಲ್ಲಿ ಇಲ್ಲ,” ಅಂದವರು, ನಾನು ಕೇಳುವ ಮೊದಲೇ, “ಅರ್ಜಿಗಿರ್ಜಿ ಬರೆಯೋನು ನಾನಲ್ಲ,” ಅಂತ ಸೇರಿಸುತ್ತಾರೆ. ಅರ್ಜಿಯ ವಿಷಯ ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆದರೆ ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರೇನಲ್ಲ, ಅದಕ್ಕೇ ಅಲ್ಲಿಗೇ ಬಿಡುತ್ತೇನೆ.

ಅಕ್ಕನ ಮನೆಗೂ ಹೋಗುತ್ತೇನೆ. ಮೂರನೇ ಮಹಡಿ, ಎರಡು ಕೋಣೆ. ರಾತ್ರಿಪಾಳಿಯ ಬಸ್ ಓಡಿಸಿ ಬಂದ ಗಂಡ ಒಳಗೆ ಮಲಗಿದ್ದಾರೆ. ಅತ್ತೆ ಬಟ್ಟೆ ಮಡಚುತ್ತಾ ಪಿಸುಮಾತಿನಲ್ಲಿ ದೂರು ಹೇಳುತ್ತಾರೆ. “ಇವಳು ಬಂದ ಮೇಲೆ ನಮ್ಮನೆ ಮಿಕ್ಸಿ ಒಂದು ದಿನಾನೂ ಕೆಟ್ಟಿಲ್ಲಪ್ಪ. ಅದೇ ನಂಗೆ ಅನುಮಾನ.” ಸೊಸೆ ತಲೆ ತಗ್ಗಿಸಿ ನಗುತ್ತಾರೆ. ಹುಡುಕಿದರೂ ಅಲ್ಲಿ ಒಂದು ಗಾಡಿಯ ಚೂರಿಲ್ಲ, ತಂತಿಯ ತುಂಡಿಲ್ಲ. ಹುಡುಕಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಕಾಫಿ ಕೊಟ್ಟ ಮನೆಯ ಕಪಾಟಿನ ಮೇಲೆ ಕಣ್ಣಾಡಿಸಿದ್ದೇನೆ.

ಇಷ್ಟರಲ್ಲಿ ಮೂಗರ್ಜಿಯ ಇನ್ನೊಂದು ಪ್ರತಿ ಸ್ಪರ್ಧೆ ನಡೆಸುವವರಿಗೂ ಹೋಗಿರುವುದು ಗೊತ್ತಾಗುತ್ತದೆ. ಅಂತಿಮ ಸುತ್ತಿಗೆ ಹದಿನೈದು ದಿನ ಇದೆ. ಅದಕ್ಕೂ ಮೊದಲು ಒಬ್ಬ ಪರೀಕ್ಷಕಿ ಶಾಲೆಗೇ ಬಂದು ತನಿಖೆ ಮಾಡುತ್ತಾರೆ. ಗಾಡಿ ಮಕ್ಕಳದ್ದಲ್ಲ ಅಂತಾದರೆ ನಾಲ್ವರ ಹೆಸರೂ ಪಟ್ಟಿಯಿಂದ ಹೋಗುತ್ತದೆ. ಬೆಳಗಿನ ತರಗತಿಯೂ ಅಲ್ಲಿಗೆ ಮುಗಿಯುತ್ತದೆ. ಇದನ್ನು ಹೆಡ್‌ಮೇಡಂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಲ್ಯಾಬಿನ ಬೀಗದ ಕೈ ವಾಪಸ್ ತಗೋಬೇಕಾಗತ್ತೆ. ಶನಿವಾರ ಬಿಟ್ಟು ಬೇರೆ ದಿನ ತೆರೆಯೋ ಹಾಗಿರಲ್ಲ. ನನಗೂ ಮೇಲಿನವರು ಇದಾರೆ.”

ಅಕ್ಕನನ್ನು ನಾನೇ ಕೇಳುತ್ತೇನೆ, ಬರೆದವರ ಮೇಲೆ ಸಿಟ್ಟಿಲ್ಲವೇ ಅಂತ.

“ಯಾಕೆ ಸಿಟ್ಟು? ಅನುಮಾನ ಪಟ್ಟರು, ಅದೇನು ಕೆಟ್ಟದ್ದಲ್ಲ. ಅನುಮಾನ ಪಟ್ಟೋರು ಬಂದು ನೋಡ್ಬೇಕಿತ್ತು. ನೋಡ್ದೆ ತೀರ್ಪು ಕೊಟ್ಟರು. ನಮ್ಮ ಮಕ್ಕಳು ಹಾಗೆ ಮಾಡಿದ್ರೆ ನಾನು ಮೇಜಿಂದ ಎಬ್ಬಿಸ್ತೀನಿ.” ಪೊರಕೆ ಎತ್ತಿಕೊಂಡು, “ಹೋದ್ರೆ ಗುಡಿಸೋ ಕೆಲಸ ಇದ್ದೇ ಇದೆ. ಆದ್ರೆ ಬೆಳಿಗ್ಗೆ ಏಳೂಕಾಲಿಗೆ ನಾನೇನು ಮಾಡ್ಲಿ ಸರ್?” ಅನ್ನುತ್ತಾರೆ. ಕೇಳಬೇಕೆಂದು ಬರೆದಿಟ್ಟ ಮುಂದಿನ ಪ್ರಶ್ನೆಯನ್ನು ನಾನು ಹೊಡೆದುಹಾಕುತ್ತೇನೆ.

ಗುರುವಾರ. ಮಕ್ಕಳನ್ನು ಲ್ಯಾಬಿಗೆ ಬಿಡುವುದೇ ಎಂಟು ಗಂಟೆಗೆ, ಪರೀಕ್ಷಕಿ ಬಂದ ಮೇಲೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ನಗು ಅಂದರೆ ಅವರಿಗೆ ಅಲರ್ಜಿ ಇರಬೇಕು. ಹೆಡ್‌ಮೇಡಂ ಅಕ್ಕನಿಗೆ ಹಿಂದಿನ ದಿನವೇ ಕಟ್ಟಪ್ಪಣೆ ಮಾಡಿದ್ದಾರೆ. ‘ನಾಳೆ ನಿಮ್ಮ ಕಿತಾಪತಿ ಬೇಡ. ಯಂತ್ರ ಸರಿಯಾಗಿರಲಿ. ನೀವು ಕೋಣೆಯೊಳಗೆ ಬರಬೇಡಿ, ಒಂದು ಮಾತೂ ಆಡಬೇಡಿ.’ ಅಕ್ಕ ಹಾಗೇ ಮಾಡಿದ್ದಾರೆ. ಬೆಳಗ್ಗೆ ಮೂರನೇ ಮೇಜಿನ ಗಾಡಿಯನ್ನು ಮುಟ್ಟಿಯೂ ಇಲ್ಲ. ಈಗ ಕಾರಿಡಾರಿನಲ್ಲಿ, ಅದೇ ಕಿಟಕಿಯ ಹೊರಗೆ, ಪೊರಕೆ ಹಿಡಿದು ನನ್ನ ಪಕ್ಕ ನಿಂತಿದ್ದಾರೆ.

ಇಷ್ಟೆಲ್ಲ ಮುಂಜಾಗ್ರತೆ ತೆಗೆದುಕೊಂಡವರು ಒಂದನ್ನು ಮರೆತಿದ್ದರು. ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

“ಗಾಡಿ ಓಡಿಸಿ,” ಅನ್ನುತ್ತಾರೆ ಪರೀಕ್ಷಕಿ.

ನಾಲ್ವರೂ ಕೈ ಬೆನ್ನ ಹಿಂದೆ ಕಟ್ಟಿ ಐದು ನಿಮಿಷ ಗಾಡಿಯನ್ನು ನೋಡುತ್ತಾರೆ. ಒಬ್ಬ ಬಗ್ಗಿ ನೋಡುತ್ತಾನೆ, ಒಬ್ಬಳು ಕೋಡ್ ಓದುತ್ತಾಳೆ. ಏನೂ ಸಿಗುವುದಿಲ್ಲ. ಪತ್ತೇದಾರಿ ಸ್ವಿಚ್ ಒತ್ತುತ್ತಾಳೆ. ಗಾಡಿ ಗೆರೆ ಹಿಡಿದು ನೆಟ್ಟಗೆ ಹೋಗಿ, ಪುಸ್ತಕ ಇಳಿಸಿ, ತಿರುಗಿ ಬಂದು ನಿಲ್ಲುತ್ತದೆ. ಹೆಡ್‌ಮೇಡಂ ಉಸಿರು ಬಿಡುತ್ತಾರೆ.

ಮಕ್ಕಳ ಮುಖ ಮಾತ್ರ ಕಪ್ಪಿಟ್ಟಿದೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

“ಒಂದೇ ಸಲಕ್ಕೆ ಓಡ್ತು,” ಅನ್ನುತ್ತಾಳೆ ಪತ್ತೇದಾರಿ. “ಏನೋ ಇದೆ.”

ಇಷ್ಟು ಹೇಳಿದ್ದೇ ತಡ, ಸ್ಕ್ರೂಡ್ರೈವರ್ ಹೊರಗೆ ಬರುತ್ತದೆ. ಚಕ್ರ ಬಿಚ್ಚುತ್ತಾರೆ. ಮೋಟಾರು ಬಿಚ್ಚುತ್ತಾರೆ. ಐದು ಸೆನ್ಸರುಗಳನ್ನು ಒಂದೊಂದಾಗಿ ತೆಗೆದು, ಕಪ್ಪು ಬಿಳಿ ಕಾಗದದ ಮೇಲೆ ಹಿಡಿದು, ಬಂದ ಸಂಖ್ಯೆ ಬರೆಯುತ್ತಾರೆ. “ಅಯ್ಯೋ, ಸರಿಯಾಗೇ ಇದೆ ಕಣ್ರೋ, ಬಿಡ್ರೋ!” ಅಂತ ಹೆಡ್‌ಮೇಡಂ ಗೋಗರೆಯುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನ್ನ ಪಕ್ಕದಲ್ಲಿ ಅಕ್ಕ ಪೊರಕೆಯ ಹಿಡಿಯನ್ನು ಹಿಸುಕುತ್ತಿದ್ದಾರೆ. “ಹಾಕಿಲ್ಲ ಕಣ್ರೇ... ಇವತ್ತು ಏನೂ ಹಾಕಿಲ್ಲ...” ಅಂತ ಬರೀ ತುಟಿ ಆಡುತ್ತಿದೆ. ಒಂದೇ ಒಂದು ಸಲ ಕೂಗಿ ಹೇಳಿದರೆ ಸಾಕು, ಮಕ್ಕಳು ನಿಲ್ಲಿಸುತ್ತಾರೆ. ಆದರೆ ಕೂಗಿದರೆ, ದಿನಾ ಇವರ ಕೈ ಯಂತ್ರದೊಳಗಿತ್ತು ಅಂತ ಪರೀಕ್ಷಕಿಯ ಮುಂದೆ ಸಾರಿದ ಹಾಗಾಗುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿಗೆ ಮುಷ್ಟಿ ಒತ್ತಿ ಹಿಡಿಯುತ್ತಾರೆ. ಹೋಗಿ ನಾನೇ ಹೇಳಿಬಿಡಲೇ ಅಂತ ನನಗನ್ನಿಸುತ್ತದೆ. ಪತ್ರಕರ್ತನ ಹುಟ್ಟುಬುದ್ಧಿ ಕಾಲು ಹಿಡಿದು ನಿಲ್ಲಿಸುತ್ತದೆ.

“ಕೆಟ್ಟಿದೆ ಅಂತ ನಿಮಗೆ ಹೇಳಿದ್ಯಾರು?” ಅಂತ ಪರೀಕ್ಷಕಿ ಕೇಳುತ್ತಾರೆ.

“ಯಾರೂ ಹೇಳಿಲ್ಲ ಮೇಡಂ. ದಿನಾ ಇರತ್ತೆ. ಇವತ್ತು ಕಾಣಿಸ್ತಾ ಇಲ್ಲ ಅಂದ್ರೆ ದೊಡ್ಡದೇ ಇರ್ಬೇಕು,” ಅನ್ನುತ್ತಾಳೆ ಪತ್ತೇದಾರಿ, ತಲೆಯೆತ್ತದೆ. ಪರೀಕ್ಷಕಿ ಕುರ್ಚಿ ಎಳೆದು ಮೇಜಿನ ಹತ್ತಿರ ಹಾಕಿಕೊಳ್ಳುತ್ತಾರೆ.

ಐವತ್ತು ನಿಮಿಷದಲ್ಲಿ ಗಾಡಿ ಮೂವತ್ತೊಂದು ಚೂರಾಗಿ ಮೇಜಿನ ಮೇಲೆ ಹರಡಿಕೊಂಡಿದೆ. ಪ್ರತಿಯೊಂದರ ಮುಂದೆ ಮಕ್ಕಳ ಬರಹದಲ್ಲಿ ‘ಸರಿ’. ಕೊನೆಗೆ ಪತ್ತೇದಾರಿ, ಅಳು ಬರುವ ಮುಖ ಮಾಡಿಕೊಂಡು, ಪುಸ್ತಕದಲ್ಲಿ ‘ತಪ್ಪು ಸಿಗಲಿಲ್ಲ’ ಅಂತ ಬರೆಯುತ್ತಾಳೆ. ಅವಳಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ. ನಾಲ್ವರೂ ಸೇರಿ ಗಾಡಿಯನ್ನು ಮತ್ತೆ ಕಟ್ಟುತ್ತಾರೆ. ಸ್ವಿಚ್ ಒತ್ತಿದರೆ ಗಾಡಿ ಗೆರೆ ಬಿಟ್ಟು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅವಸರದಲ್ಲಿ ಎಡಗಡೆ ಮೋಟಾರಿನ ತಂತಿ ತಿರುವುಮುರುವಾಗಿದೆ, ಮಕ್ಕಳದ್ದೇ ತಪ್ಪು. ನಾಲ್ವರ ಮುಖವೂ ಒಮ್ಮೆಗೇ ಅರಳುತ್ತದೆ. ಕೈ ಬೆನ್ನ ಹಿಂದೆ ಹೋಗುತ್ತದೆ. ಮೂರು ನಿಮಿಷದಲ್ಲಿ ಕಂಡುಹಿಡಿದು, ಒಂದು ತಂತಿ ಬದಲಾಯಿಸಿ, ಓಡಿಸಿ ತೋರಿಸುತ್ತಾರೆ.

ಪರೀಕ್ಷಕಿ ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡು ಎದ್ದು ಹೋಗುತ್ತಾರೆ. ಅಕ್ಕ ನೀರಿನ ಬಕೆಟ್ ಎತ್ತಿಕೊಂಡು ಮೆಟ್ಟಿಲು ಒರೆಸಲು ಹೋಗುತ್ತಾರೆ.

ಸೋಮವಾರ ವರದಿ ಬಂದಿದೆ. ಮಕ್ಕಳು ಅಂತಿಮ ಸುತ್ತಿಗೆ ಹೋಗಬಹುದು, ಬೆಳಗಿನ ತರಗತಿ ಮುಂದುವರಿಯಬಹುದು. ಮೂಗರ್ಜಿ ಬರೆದವರು ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಪತ್ರಿಕೆಯಲ್ಲಿ ಎರಡನೇ ಮೂಗರ್ಜಿ ಬರೆಯಲಿದ್ದವನು ನಾನೇ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗಿದೆ, ಅಕ್ಕನ ಮುಂದೆ ಅದನ್ನು ಒಪ್ಪಿಕೊಂಡೂ ಇದ್ದೇನೆ. “ಬಂದು ನೋಡಿದ್ರಲ್ಲ, ಸಾಕು ಬಿಡಿ,” ಅಂದುಬಿಟ್ಟರು.

ನಾಲ್ಕು ಸಾಲಿನ ವರದಿಯಲ್ಲಿ ಅಕ್ಕನ ಹೆಸರಿಲ್ಲ, ಹುದ್ದೆಯೂ ಇಲ್ಲ. ಅವರು ಮೆಟ್ಟಿಲ ಮೇಲೆ ಕೂತು, ‘ಮೂರನೇ ಸಾಲನ್ನು ಜೋರಾಗಿ ಓದಿ’ ಅನ್ನುತ್ತಾರೆ. ಓದುತ್ತೇನೆ. ‘ಯಂತ್ರದ ಯಾವ ಭಾಗದಲ್ಲಿಯೂ ಹಿರಿಯರ ಕೈವಾಡ ಕಂಡುಬಂದಿಲ್ಲ.’

“ಇನ್ನೊಂದ್ಸಲ ಓದಿ ಸರ್.”

ಓದುತ್ತೇನೆ. ಹೆಸರು ಬಿಟ್ಟಿದ್ದಾರಲ್ಲ, ಬೇಸರವಿಲ್ಲವೇ ಅಂತಲೂ ಕೇಳುತ್ತೇನೆ. ಅವರು ಒದ್ದೆ ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಂಡು, ಕಾಗದ ತೆಗೆದುಕೊಂಡು, ಆ ಸಾಲಿನ ಮೇಲೆ ಬೆರಳಾಡಿಸುತ್ತಾರೆ.

“ನಾಲ್ಕು ವರ್ಷ ದಿನಾ ಆರು ಸಲ ಕೈ ಹಾಕಿದೀನಿ ಸರ್. ಒಂದೂ ಕಾಣಿಸಿಲ್ಲ ಅಂದ್ರೆ, ಹಾಕಿದ್ದನ್ನೆಲ್ಲ ಮಕ್ಕಳು ಹುಡುಕಿ ತೆಗೆದಿದಾರೆ ಅಂತ ತಾನೇ?”